ಉಜ್ಜಿದ ನೀರುನಾಯಿ

ಮಾರ್ಚ್ ೩, ಸೋಮವಾರ

ನನ್ನ ಸೋದರಮಾವ ಜನರಿಗೆ ಮೋಸ ಮಾಡುತ್ತಾನೆ. ಇದನ್ನು ಮೊದಲ ಸಾಲಿನಲ್ಲೇ ಬರೆದಿಡುತ್ತೇನೆ. ಮುಂದೆ ಎಂದಾದರೂ ಮನಸ್ಸು ಮೆತ್ತಗಾದರೆ ಈ ಪುಟ ತೆರೆದು ನೋಡಿಕೊಳ್ಳಬೇಕು. ಈ ಪುಸ್ತಕದಲ್ಲಿ ಅವನಿಗೆ ಬಹುವಚನವನ್ನೂ ಕೊಡುವುದಿಲ್ಲ. ಎದುರಿಗೆ ‘ನೀವು’ ಅನ್ನುತ್ತೇನೆ, ಅದು ಅಮ್ಮನಿಗಾಗಿ.

ನಡೆದದ್ದು ಇಷ್ಟು. ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಬಸ್ ಕಂಡಕ್ಟರು ಯೂನಿಫಾರ್ಮಿನಲ್ಲೇ ಅಂಗಡಿಗೆ ಬಂದು, ಗಾಜಿನ ಕೆಳಗಿದ್ದ ಒಂದು ಬೆಳ್ಳಿ ನಾಣ್ಯದ ಬೆಲೆ ಕೇಳಿದ. ಅದರಲ್ಲಿರುವುದು ಒಂದು ಔನ್ಸ್ ಬೆಳ್ಳಿ. ಪಕ್ಕದ ತಟ್ಟೆಯಲ್ಲಿ ಅಷ್ಟೇ ತೂಕದ, ಅಷ್ಟೇ ಶುದ್ಧವಾದ, ಚಿತ್ರವಿಲ್ಲದ ಬಿಲ್ಲೆಗಳಿವೆ. ಅವನ್ನು ಮಾವ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಗೇ ಕೊಡುತ್ತಾನೆ. ಈ ನಾಣ್ಯಕ್ಕೆ ಮಾತ್ರ ಅದರ ನಾಲ್ಕು ಪಟ್ಟು ಹೇಳಿದ. ಯಾಕೆಂದರೆ ಇದರ ಮೇಲೆ ಒಂದು ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿದೆ, ಮತ್ತು ಟಂಕಸಾಲೆಯವರು ಅಂಥವನ್ನು ಹತ್ತು ಸಾವಿರ ಮಾತ್ರ ಅಚ್ಚು ಹಾಕಿ ನಿಲ್ಲಿಸಿದ್ದಾರೆ. ಕಂಡಕ್ಟರು ಚೌಕಾಸಿಯನ್ನೂ ಮಾಡಲಿಲ್ಲ. ನಾಣ್ಯವನ್ನು ಒಳಜೇಬಿಗೆ ಹಾಕಿಕೊಂಡು, ಜೇಬನ್ನು ಎರಡು ಸಲ ತಟ್ಟಿ ನೋಡಿ, ನಗುತ್ತಾ ಮೆಟ್ಟಿಲಿಳಿದು ಹೋದ.

ದಿನವಿಡೀ ನಿಂತು ದುಡಿಯುವ ಮನುಷ್ಯ. ಮಾವ ಅವನಿಗೆ ಮಾರಿದ್ದು ಬೆಳ್ಳಿಯನ್ನಲ್ಲ, ಬೇರೆಯವರ ಹತ್ತಿರ ಇದು ಇಲ್ಲ ಎಂಬುದನ್ನು.

ನಾನು ಎರಡು ವರ್ಷ ಇದ್ದ ಪ್ರೆಸ್ಸು ಮುಚ್ಚಿ ಇಂದಿಗೆ ಇಪ್ಪತ್ತು ದಿನ. ಅಲ್ಲಿ ಕರಪತ್ರ, ಕಿರುಪುಸ್ತಕ ಮಡಚುವುದು ನನ್ನ ಕೆಲಸವಾಗಿತ್ತು. ಮಡಚುತ್ತಾ ಓದಿದೆ, ಓದುತ್ತಾ ಎಚ್ಚರಾದೆ. ಈಗ ಅಮ್ಮ, “ಬೇರೆ ಕೆಲಸ ಸಿಗೋ ತನಕ ನನ್ನ ತಮ್ಮನ ಅಂಗಡೀಲಿ ಕೂತಿರು, ಬಾಯಿ ಮುಚ್ಕೊಂಡು” ಎಂದಿದ್ದಾಳೆ. ಕೂತಿದ್ದೇನೆ. ಎರಡನೆಯದಕ್ಕೆ ಮಾತು ಕೊಟ್ಟಿಲ್ಲ.

ಮಾರ್ಚ್ ೫, ಬುಧವಾರ

ಇವತ್ತು ಕೇಳಿಯೇ ಬಿಟ್ಟೆ. ಒಂದೇ ಲೋಹ, ಒಂದೇ ತೂಕ, ಎರಡು ಬೆಲೆ. ಇದಕ್ಕೆ ನ್ಯಾಯ ಯಾವುದು ಎಂದೆ.

ಮಾವನಿಗೆ ಸಿಟ್ಟೇ ಬರುವುದಿಲ್ಲ, ಅದೊಂದು ಕಷ್ಟ. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ನಾಣ್ಯಗಳನ್ನು ಜೋಡಿಸುತ್ತಿದ್ದವನು, “ಬಾ ಕರಪತ್ರ, ಕೂತ್ಕೋ” ಎಂದ. ನನಗೆ ಅವನಿಟ್ಟ ಹೆಸರು ಅದು. ಹಿಂದಿನ ಕೋಣೆಯ ಕಬ್ಬಿಣದ ಬೀರುವಿನಿಂದ ಒಂದು ಉದ್ದನೆಯ ಮರದ ಪೆಟ್ಟಿಗೆ ತಂದು ತೆರೆದ. ಹನ್ನೆರಡು ಗುಳಿ, ಹನ್ನೆರಡು ನಾಣ್ಯ. ಟಂಕಸಾಲೆ ವರ್ಷಕ್ಕೊಂದರಂತೆ ಹನ್ನೆರಡು ವರ್ಷ ಹೊರಡಿಸಿದ ಮಾಲೆಯಂತೆ ಅದು. ಹೊಳೆದಂಡೆಯ ಪ್ರಾಣಿಗಳು: ಕೊಕ್ಕರೆ, ಆಮೆ, ಕಪ್ಪೆ, ಮಿಂಚುಳ್ಳಿ. ಏಳನೆಯದು ನೀರುನಾಯಿ. ಬೆನ್ನ ಮೇಲೆ ತೇಲುತ್ತಾ ಎದೆಯ ಮೇಲೆ ಒಂದು ಮೀನು ಹಿಡಿದುಕೊಂಡಿದೆ. ಮುಖ ಥೇಟ್ ಮಾವನದೇ.

ಆ ವರ್ಷ ಸಾವಿರದ ನಾನೂರು ನಾಣ್ಯ ಒತ್ತುವಷ್ಟರಲ್ಲಿ ಅಚ್ಚು ಸೀಳು ಬಿಟ್ಟಿತಂತೆ. ಹೊಸ ಅಚ್ಚು ಕೊರೆಯುವ ಹೊತ್ತಿಗೆ ವರ್ಷವೇ ಮುಗಿದಿತ್ತು.

“ಉಳಿದ ಹನ್ನೊಂದೂ ಹತ್ತತ್ತು ಸಾವಿರ ಇವೆ. ನೀರುನಾಯಿ ಸಾವಿರದ ನಾನೂರು. ಹತ್ತು ಸಾವಿರ ಜನ ಸೇರಿದ ಸಭೆಗೆ ಸಾವಿರದ ನಾನೂರು ಕುರ್ಚಿ. ಏನಾಗುತ್ತೆ ಹೇಳು?”

“ಕುರ್ಚಿ ತೆಗೆದುಹಾಕಿ ಎಲ್ಲರೂ ನೆಲದ ಮೇಲೆ ಕೂರಬೇಕು” ಎಂದೆ.

ಮಾವ ಕೈಗವಸಿನಲ್ಲೇ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಈ ನೀರುನಾಯಿಗೆ ಬೆಳ್ಳಿಯ ಮೂವತ್ತು ಪಟ್ಟು ಬೆಲೆಯಂತೆ. ಹಾಗಾದರೆ ಮಾರಿಬಿಡಿ ಎಂದೆ. ಇದು ಮಾರೋದಕ್ಕಲ್ಲ ಎಂದು ಪೆಟ್ಟಿಗೆ ಮುಚ್ಚಿದ. ಮಾರುವುದಕ್ಕಲ್ಲದ ವಸ್ತುವಿಗೆ ಬೆಲೆ, ಬಳಸುವುದಕ್ಕಲ್ಲದ ನಾಣ್ಯ! ವ್ಯವಸ್ಥೆಯ ಹುಚ್ಚೆಲ್ಲ ಒಂದು ಮೊಳದ ಪೆಟ್ಟಿಗೆಯಲ್ಲಿ ಹಿಡಿಸುತ್ತದೆ.

ಮಾರ್ಚ್ ೮, ಶನಿವಾರ

ಒಬ್ಬರು ಬೆಳ್ಳಿಯ ಲೋಟ ಮಾರಲು ತಂದರು. “ಕಪ್ಪಾಗಿದೆ, ಬೆಸುಗೆಯೂ ಇದೆ” ಎಂದು ಮಾವ ಬೆಲೆ ಇಳಿಸಿದ. ಕಪ್ಪು ಎಂಬುದು ಅವನ ಕೈಯಲ್ಲಿರುವ ಆಯುಧ. ಗುರುತು ಹಾಕಿಕೊಂಡೆ.

ನಾನು ಕೂರುವ ಮೂಲೆಗೆ ಹೊಸ ಮೇಜುದೀಪ ಬಂದಿದೆ. ಬಾಗಿ ಓದಿದರೆ ಕಣ್ಣು ಹಾಳಾಗುತ್ತದಂತೆ. ಇದು ಲಂಚ. ಆದರೆ ಬೆಳಕು ಚೆನ್ನಾಗಿದೆ.

ಮಾರ್ಚ್ ೧೧, ಮಂಗಳವಾರ

ಇವತ್ತು ಕಾಲರ್ ಅಕ್ಕ ಬಂದರು. ಆ ಹೆಸರನ್ನು ಅವರೇ ಹೇಳಿಕೊಂಡರು. ಫ್ಯಾಕ್ಟರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರಂತೆ. ನಲವತ್ತರ ಆಸುಪಾಸು. ಎಡಗೈಯ ತೋರುಬೆರಳಿನ ಉಗುರಿನಲ್ಲಿ ಸೂಜಿ ತೂರಿಹೋದ ಹಳೆಯ ಗುರುತು.

“ಹನ್ನೊಂದು ವರ್ಷದಿಂದ ಬರೀ ಕಾಲರ್ ಹೊಲೀತಿದ್ದೀನಿ ಮರಿ. ದಿನಕ್ಕೆ ನಾನೂರು ಕಾಲರ್. ತೋಳು ಬೇರೆಯವರು, ಜೇಬು ಬೇರೆಯವರು. ನಾನು ಹೊಲಿದ ಶರ್ಟು ಹೇಗಿರುತ್ತೆ ಅಂತ ರಸ್ತೇಲಿ ಯಾರ ಕುತ್ತಿಗೆಯಾದ್ರೂ ನೋಡಿ ತಿಳ್ಕೋಬೇಕು.”

ಎಷ್ಟೋ ಕಿರುಪುಸ್ತಕಗಳು ನಲವತ್ತು ಪುಟದಲ್ಲಿ ಹೇಳಲಾಗದ್ದನ್ನು ಈಕೆ ಎರಡು ಉಸಿರಿನಲ್ಲಿ ಹೇಳಿಬಿಟ್ಟರು.

ಅವರ ಬೀದಿಯ ಟೈಲರೊಬ್ಬರು ಅಂಗಡಿ ಮುಚ್ಚುತ್ತಿದ್ದಾರೆ. ಮೋಟಾರಿರುವ ದೊಡ್ಡ ಹೊಲಿಗೆಯಂತ್ರವನ್ನು ಮಾರುತ್ತಾರೆ. ಇಪ್ಪತ್ತಮೂರನೆಯ ತಾರೀಕು ಭಾನುವಾರ ಜಾಗ ಖಾಲಿ ಮಾಡಬೇಕು. ಅಲ್ಲಿಯ ತನಕ ಯಂತ್ರವನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದಾರೆ. ಅದು ಕೈಗೆ ಬಂದರೆ ಫ್ಯಾಕ್ಟರಿ ಬಿಟ್ಟು ಮನೆಯಲ್ಲೇ ಹೊಲಿಯುತ್ತಾರಂತೆ, ಕಾಲರಿನಿಂದ ಅಂಚಿನ ತನಕ ಪೂರ್ತಿ ಶರ್ಟು. ಇಷ್ಟು ಹೇಳಿ ಚೀಲದಿಂದ ಒಂದು ಕಾಗದದ ಲಕೋಟೆ ತೆಗೆದರು. ಒಳಗೆ ಅವರ ಅಪ್ಪ ಬಿಟ್ಟುಹೋದ ನಾಣ್ಯ. ನೀರುನಾಯಿ.

ಮಾವ ಕೈಗವಸು ಹಾಕಿಕೊಂಡು, ಅಂಚು ಮಾತ್ರ ಹಿಡಿದು, ಭೂತಗನ್ನಡಿಯಲ್ಲಿ ಐದು ನಿಮಿಷ ನೋಡಿದ. ತುಟಿ ಪಿಟಕ್ಕೆನ್ನಲಿಲ್ಲ. ನಾಣ್ಯದ ಅಂಚಿನ ಸುತ್ತ ಕಂದು, ನೀಲಿ, ಅಲ್ಲಲ್ಲಿ ಕೆನ್ನೇರಳೆ. ನೀರುನಾಯಿಯ ಹೊಟ್ಟೆಯೂ ಮಸುಕು. ಹಲ್ಲಿನ ಡಾಕ್ಟರೊಬ್ಬರು ಇಪ್ಪತ್ತೆರಡರ ಶನಿವಾರ ಬರುತ್ತಾರೆ, ಇದಕ್ಕೆ ಅವರೇ ತಕ್ಕ ಗಿರಾಕಿ, ಅಲ್ಲಿಯ ತನಕ ಇಲ್ಲೇ ಇರಲಿ ಎಂದು ರಸೀತಿ ಬರೆದುಕೊಟ್ಟ. ಸರಿಯಾದ ಬೆಲೆ ಬಂದರೆ ಯಂತ್ರಕ್ಕೆ ಸಾಕಾಗುತ್ತದಂತೆ.

ಸರಿಯಾದ ಬೆಲೆ ಬಂದರೆ! ಆ ಮೌನ ನನಗೆ ಗೊತ್ತು. ಶನಿವಾರ ಡಾಕ್ಟರ ಎದುರು “ಕಪ್ಪಾಗಿದೆ” ಎಂಬ ಮಾತು ಹೊರಬರುತ್ತದೆ. ಗಿರಾಕಿಗೂ ಲಾಭ, ಅಂಗಡಿಗೂ ಲಾಭ, ಅಕ್ಕನಿಗೆ ಮತ್ತೆ ಕಾಲರು.

ದುಡಿಯುವವರ ಉಪಕರಣ ದುಡಿಯುವವರ ಕೈಯಲ್ಲಿರಬೇಕು. ಇದನ್ನು ನಾನು ಇಷ್ಟು ದಿನ ಮಡಚಿದ್ದೆ ಅಷ್ಟೆ. ಈಗ ಮಾಡುವ ಸರದಿ.

ಮಾರ್ಚ್ ೧೩, ಗುರುವಾರ

ಮಾಡಿದೆ.

ಮಾವ ನಿನ್ನೆ ಸಂಜೆ ಪಕ್ಕದ ಊರಿಗೆ ಹೋದ, ಯಾರದೋ ಸಂಗ್ರಹ ನೋಡಲು. ಬೀರುವಿನ ಬೀಗದ ಕೈಯನ್ನು ನನಗೇ ಕೊಟ್ಟು ಹೋದ. ಮಧ್ಯಾಹ್ನ ಅಂಗಡಿಯಲ್ಲಿ ನೊಣವೂ ಇರಲಿಲ್ಲ. ಲಕೋಟೆ ತೆಗೆದೆ. ಅಡಿಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಮೆತ್ತಗೆ ಉಜ್ಜಿದೆ. ಅಮ್ಮ ಚಮಚ ಬೆಳಗುವುದು ಹೀಗೇ. ಮೊದಲು ನೀಲಿ ಹೋಯಿತು, ಆಮೇಲೆ ಕಂದು. ಮೀಸೆಯ ಸಂದಿಗಳಿಗೆ ಹಲ್ಲುಜ್ಜುವ ಬ್ರಷ್ಷು. ಇಪ್ಪತ್ತು ನಿಮಿಷದಲ್ಲಿ ನೀರುನಾಯಿ ಈಗಷ್ಟೇ ಹೊಳೆಯಿಂದ ಎದ್ದು ಬಂದ ಹಾಗೆ ಫಳಫಳ ಹೊಳೆಯಿತು. ನನ್ನ ಮುಖವೇ ಕಾಣಿಸುವಷ್ಟು.

ಇನ್ನು ಕಪ್ಪು ಎನ್ನಲಿ ನೋಡೋಣ. ಅಕ್ಕನಿಗೆ ಈಗಲೇ ಹೇಳುವುದಿಲ್ಲ. ಶನಿವಾರ ಬೆಲೆ ಕೇಳಿ ಅವರ ಮುಖ ಅರಳುವುದನ್ನು ನೋಡಬೇಕು.

ಇವತ್ತು ನನಗೆ ನನ್ನ ಮೇಲೆ ತುಂಬಾ ಪ್ರೀತಿ.

ಮಾರ್ಚ್ ೧೪, ಶುಕ್ರವಾರ

ಮಾವ ಬಂದರು. ನಾನೇ ಲಕೋಟೆ ತೆಗೆದು ತೋರಿಸಿದೆ. ಅವರು ನಿಂತಿದ್ದವರು ಕೂತರು.

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಚಹಾ ಮಾಡಿ ಇಟ್ಟೆ. ಆರಿಹೋಯಿತು.

ಮಾರ್ಚ್ ೧೫, ಶನಿವಾರ

ಇವತ್ತು ಹೇಳಿದರು. ಬೆಳ್ಳಿ ವರ್ಷಗಟ್ಟಲೆ ಕಾಗದದೊಳಗೆ ಸುಮ್ಮನೆ ಮಲಗಿದ್ದರೆ ಆ ಬಣ್ಣ ತಾನಾಗಿ ಏರುತ್ತದಂತೆ. ಅದು ಕೊಳೆಯಲ್ಲ. ಯಾರೂ ಮುಟ್ಟಿಲ್ಲ, ಟಂಕಸಾಲೆಯ ಕಾಂತಿ ಹಾಗೇ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ. ಲೋಟ ಕರಗಿಸುವ ಮಾಲು, ಅಲ್ಲಿ ಕಪ್ಪು ಬರೀ ಕಪ್ಪು. ನಾಣ್ಯದಲ್ಲಿ ಹಾಗಲ್ಲ. ಅಕ್ಕನ ನೀರುನಾಯಿಯಷ್ಟು ಚೆಂದಕ್ಕೆ ಬಣ್ಣ ಹತ್ತಿದ್ದನ್ನು ಅವರು ನೋಡಿದ್ದೇ ಎರಡೋ ಮೂರೋ. ಮಾರಲು ಬಂದವರ ಎದುರು ಹೊಗಳಿ ಆಸೆ ಹುಟ್ಟಿಸಬಾರದು ಎಂದು ಸುಮ್ಮನಿದ್ದರಂತೆ. ಡಾಕ್ಟರಿಂದ ಮೂವತ್ತೈದು ಪಟ್ಟು ಕೇಳಬೇಕೆಂದುಕೊಂಡಿದ್ದರಂತೆ.

ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ನೋಡಿದೆ. ನೀರುನಾಯಿಯ ಮೈತುಂಬ ಕೂದಲೆಳೆಯಂಥ ಗೀರು, ನೂರಾರು. ಒಂದೊಂದೂ ನನ್ನ ಕೈಯ ಒಂದೊಂದು ಸುತ್ತು.

“ಈಗ ಎಷ್ಟು ಬರುತ್ತೆ?”

“ಉಜ್ಜಿದ್ದು ಅಂತ ಗೊತ್ತಾದ ಮೇಲೆ ಸಂಗ್ರಹದವರು ಮುಟ್ಟಲ್ಲ. ಆರೇಳು ಪಟ್ಟು ಬಂದ್ರೆ ಹೆಚ್ಚು.” ಭೂತಗನ್ನಡಿಯನ್ನು ಒಳಗಿಡುತ್ತಾ ಅವರೇ, “ತಪ್ಪು ನಂದೂ ಇದೆ ಕಣೆ. ಉಜ್ಜಬಾರದು ಅನ್ನೋದು ಈ ಕಸುಬಲ್ಲಿ ಮೊದಲ ದಿನ ಹೇಳೋ ಮಾತು. ನಿನ್ ಜೊತೆ ವಾದ ಮಾಡೋ ಖುಷೀಲಿ ಮರೆತುಬಿಟ್ಟೆ” ಎಂದರು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದಳು. ಅಷ್ಟು ಸಾಕಾಗಿತ್ತು.

ಮಾರ್ಚ್ ೧೭, ಸೋಮವಾರ

ನಿನ್ನೆ ಇಡೀ ದಿನ ಯೋಚಿಸಿದೆ. ಅಕ್ಕನ ಯಂತ್ರ ಕೈತಪ್ಪಬಾರದು, ಅದೇ ಮುಖ್ಯ. ಉಳಿದದ್ದೆಲ್ಲ ಅದರ ಮುಂದೆ ಸಣ್ಣದು.

ಮಾವನ ಕಪಾಟಿನಲ್ಲಿ ನಾಣ್ಯಗಳ ಕುರಿತು ಒಂದು ತೆಳ್ಳನೆಯ ಕಿರುಪುಸ್ತಕವಿದೆ. ಅದರ ಕೊನೆಯ ಅಧ್ಯಾಯ ಕಳ್ಳ ಬಣ್ಣವನ್ನು ಪತ್ತೆ ಹಚ್ಚುವುದು ಹೇಗೆ ಎಂಬುದು. ಬೇಯಿಸಿದ ಮೊಟ್ಟೆಯನ್ನು ಬಿಸಿ ಇರುವಾಗಲೇ ಪುಡಿ ಮಾಡಿ, ಮುಚ್ಚಳವಿರುವ ಡಬ್ಬಿಯಲ್ಲಿ ಬೆಳ್ಳಿಯ ಜೊತೆ ಇಟ್ಟರೆ, ಅದರ ಗಂಧಕದ ಆವಿಗೆ ಬೆಳ್ಳಿ ಮೊದಲು ಹೊನ್ನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಕೊಳ್ಳುವವರು ಎಚ್ಚರದಿಂದಿರಬೇಕು ಎಂದು ಬರೆದಿದೆ. ಎಚ್ಚರಿಕೆಯನ್ನೇ ವಿಧಾನವಾಗಿ ಓದಿಕೊಂಡೆ. ಇದು ಮೋಸವಲ್ಲ. ನಿವೃತ್ತ ಡಾಕ್ಟರೊಬ್ಬರ ಬಿಡುವಿನ ಹವ್ಯಾಸದಿಂದ ಒಬ್ಬ ಕೆಲಸಗಾರ್ತಿಯ ಉಪಕರಣಕ್ಕೆ ಆಗುವ ಮರುಹಂಚಿಕೆ. ಬೆಳಿಗ್ಗೆ ಅಂಗಡಿಯ ಚಹಾದ ಸ್ಟೌವಿನಲ್ಲೇ ಎರಡು ಮೊಟ್ಟೆ ಬೇಯಿಸಿ, ಒಂದನ್ನು ಪುಡಿಮಾಡಿ ಡಬ್ಬಿಯಲ್ಲಿಟ್ಟೆ.

ಹನ್ನೆರಡು ಗಂಟೆಗೆ ಮಾವ ಮೂಗು ಎತ್ತಿ, ವಾಸನೆ ಹಿಡಿದು, ನೇರ ಡಬ್ಬಿಯ ಹತ್ತಿರ ಬಂದರು. ಮುಚ್ಚಳ ತೆಗೆದರು. ನೀರುನಾಯಿಗೆ ಆಗಲೇ ತೆಳ್ಳಗೆ ಜೇನಿನ ಬಣ್ಣ ಬಂದಿತ್ತು. ನೋಡಲು ನಿಜಕ್ಕೂ ಚೆನ್ನಾಗಿತ್ತು.

“ಯಾರು ಹೇಳಿಕೊಟ್ಟಿದ್ದು ಇದನ್ನ?”

“ನಿಮ್ಮದೇ ಪುಸ್ತಕ.”

“ನಿನ್ನನ್ನ ಓದೋಕೆ ಬಿಟ್ಟಿದ್ದೇ ತಪ್ಪು” ಎಂದವರು ನಾಣ್ಯವನ್ನು ನೀರಿನಲ್ಲಿ ತೊಳೆದು, ಒತ್ತದೆ ಒಣಗಿಸಿದರು. ನನ್ನ ವಾದ ಮಂಡಿಸಿದೆ. ಡಾಕ್ಟರಿಗೆ ಒಂದು ನಾಣ್ಯ, ಅಕ್ಕನಿಗೆ ಒಂದು ಬದುಕು, ಯಾವುದು ದೊಡ್ಡದು ಎಂದೆ. ಅವರು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

“ಡಾಕ್ಟ್ರು ಹತ್ತೊಂಬತ್ತು ವರ್ಷದಿಂದ ಇಲ್ಲಿಗೆ ಬರ್ತಿದ್ದಾರೆ. ಈಗ ಅವರಿಗೆ ಕಣ್ಣು ಮಂಜು. ಭೂತಗನ್ನಡಿ ಹಿಡೀತಾರೆ, ಆದ್ರೆ ನೋಡೋದು ನನ್ನ ಮುಖಾನ. ನಾನು ಹ್ಞೂಂ ಅಂದ್ರೆ ತಗೋತಾರೆ. ಅವರಿಗೆ ಮೋಸ ಮಾಡೋದು ಅಷ್ಟು ಸುಲಭ ಕಣೆ. ಅದಕ್ಕೇ ಆಗಲ್ಲ.”

ಮೊಟ್ಟೆ ಎರಡು ಬೇಯಿಸಿದ್ದೆ ಎಂದಷ್ಟೇ ಒಪ್ಪಿಕೊಂಡೆ.

“ಎರಡು ಬೇಯಿಸಿದ್ದೆ ಅಂದ್ಯಲ್ಲ. ಇನ್ನೊಂದೆಲ್ಲಿ?” ಎಂದರು. ಕೊಟ್ಟೆ. ಸುಲಿದು, ಉಪ್ಪು ಉದುರಿಸಿ, ಅರ್ಧ ನನ್ನ ಕೈಗಿಟ್ಟು ಅರ್ಧ ತಿಂದರು.

ಮಾರ್ಚ್ ೧೮, ಮಂಗಳವಾರ

ಅಕ್ಕನಿಗೆ ತಾವೇ ಹೇಳುವುದಾಗಿ ಮಾವ ಅಂದರು. ಬೇಡ ಎಂದೆ. ಸಂಜೆ ಆರಕ್ಕೆ ಫ್ಯಾಕ್ಟರಿಯ ಗೇಟಿನ ಹತ್ತಿರ ನಿಂತೆ. ನೂರಾರು ಹೆಂಗಸರು ಒಟ್ಟಿಗೆ ಹೊರಬಂದರು. ಎಲ್ಲರ ತಲೆಗೂದಲಿನಲ್ಲೂ ಹತ್ತಿಯ ನಾರು. ಅಕ್ಕ ನನ್ನನ್ನು ಕಂಡು, ಡಾಕ್ಟರು ಮುಂಚೆಯೇ ಬಂದರೇನೋ ಎಂದುಕೊಂಡು ಓಡೋಡಿ ಬಂದರು. ಆ ಓಟವನ್ನು ನಾನು ಮರೆಯಲಾರೆ.

ಹೇಳಿದೆ. ಸೋಡಾ, ಬನಿಯನ್ ಬಟ್ಟೆ, ಬ್ರಷ್ಷು, ಆರೇಳು ಪಟ್ಟು, ಮೊಟ್ಟೆ; ಯಾವುದನ್ನೂ ಬಿಡಲಿಲ್ಲ. ಅವರು ನಡೆಯುತ್ತಲೇ ಕೇಳಿಸಿಕೊಂಡರು. ರಸ್ತೆಯ ತಿರುವಿನ ನಲ್ಲಿಯ ಹತ್ತಿರ ನಿಂತು, ಬುತ್ತಿಯ ಡಬ್ಬಿ ತೆಗೆದು ತೊಳೆಯತೊಡಗಿದರು. ಬಹಳ ಹೊತ್ತು ತೊಳೆದರು.

“ನನಗೆ ಒಳ್ಳೇದಾಗ್ಲಿ ಅಂತ ಮಾಡಿದೆ, ಅಲ್ವಾ?”

“ಹೌದು ಅಕ್ಕ.”

“ನಮ್ಮ ಮ್ಯಾನೇಜರೂ ಹಾಗೇ ಅಂತಾನೆ. ನನ್ನನ್ನ ಕಾಲರಿಗೆ ಹಾಕಿದ್ದೂ ನನ್ನ ಒಳ್ಳೇದಕ್ಕೇ ಅಂತೆ, ಕೈ ಚುರುಕಿದೆ ಅಂತ. ನೀನೂ ನನ್ನ ಒಂದು ಮಾತು ಕೇಳಲಿಲ್ಲ.”

ಡಬ್ಬಿ ಮುಚ್ಚಿಕೊಂಡು ಹೋದರು. ಬೈಯಲಿಲ್ಲ. ಈ ಜನ ಯಾರೂ ಬೈಯುವುದೇ ಇಲ್ಲ.

ಮಾರ್ಚ್ ೧೯, ಬುಧವಾರ

ಅಂಗಡಿಯ ಗಾಜು ಒರೆಸಿದೆ. ಗಾಜು ಒರೆಸಬಹುದೇ ಎಂದು ಮೊದಲು ಕೇಳಿದೆ. ಒರೆಸಬಹುದು ಎಂದರು.

ಮಾರ್ಚ್ ೨೦, ಗುರುವಾರ

ಮಾವ ಬೀರುವಿನಿಂದ ಮರದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಏಳನೆಯ ಗುಳಿಯಿಂದ ತಮ್ಮ ನೀರುನಾಯಿಯನ್ನು ಎತ್ತಿ ಬೇರೆ ಕಾಗದದಲ್ಲಿಟ್ಟರು. ಶನಿವಾರ ಡಾಕ್ಟರಿಗೆ ಇದು, ಬಂದದ್ದು ಅಕ್ಕನಿಗೆ ಎಂದರು.

ನನಗೆ ಏನಾಯಿತೋ ಗೊತ್ತಿಲ್ಲ, ಎದ್ದು ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು ಕೊಡಬೇಡಿ ಎಂದೆ. ನಿನ್ನೆ ಅಮ್ಮ ಒಂದು ಕತೆ ಹೇಳಿದ್ದಳು. ನೀರುನಾಯಿ ಹೊರಬಂದ ದಿನ ಅಮ್ಮ, ಮಾವ ಇಬ್ಬರೂ ಟಂಕಸಾಲೆಯ ಕಿಟಕಿಯ ಮುಂದೆ ಬೆಳಿಗ್ಗೆ ಐದರಿಂದ ಸಾಲಿನಲ್ಲಿ ನಿಂತಿದ್ದರಂತೆ. ಮಾವನಿಗೆ ಆಗ ಹೊಟ್ಟೆ ಕೆಟ್ಟಿತ್ತು. ಅವರು ನಾಲ್ಕು ಸಲ ಓಡಿಹೋಗಿ ಬರುವ ತನಕವೂ ಅಮ್ಮ, ಹಿಂದಿನವರ ಬೈಗುಳ ತಿನ್ನುತ್ತಾ ಜಾಗ ಹಿಡಿದಿದ್ದಳು. ಕಿಟಕಿ ಮುಚ್ಚುವಾಗ ಅವರ ಹಿಂದೆ ಇನ್ನೂ ಮುನ್ನೂರು ಜನ ಇದ್ದರು. ಅಷ್ಟು ಹೇಳುವಷ್ಟರಲ್ಲಿ ಅಮ್ಮ ನಗುತ್ತಾ ಕೆಮ್ಮಿ ಕೆಮ್ಮಿ ನೀರು ಕುಡಿದಳು. ಅಂಥ ನಾಣ್ಯವನ್ನು ಹೇಗೆ ಕೊಡುವುದು?

“ಒಂದು ಔನ್ಸ್ ಬೆಳ್ಳಿ ತಾನೇ? ನೀನೇ ಹೇಳಿದ್ದೆ” ಎಂದರು ಮಾವ.

“ಹೇಳಿದ್ದೆ. ಅದು ಬೇರೆ.”

“ಹೇಗೆ ಬೇರೆ?”

ಹೇಗೆ ಬೇರೆ ಎಂಬುದಕ್ಕೆ ಯಾವ ಕಿರುಪುಸ್ತಕದಲ್ಲೂ ಏನನ್ನೂ ಓದಿದ ನೆನಪಿಲ್ಲ. ಹುಡುಕಬೇಕು.

ಕೈ ತೆಗೆಸಿ, ಉಜ್ಜಿದ ನೀರುನಾಯಿಯನ್ನು ಏಳನೆಯ ಗುಳಿಯಲ್ಲಿ ಕೂರಿಸಿದರು. ಹನ್ನೊಂದು ಹಿರಿಯರ ನಡುವೆ ತಲೆ ಬೋಳಿಸಿಕೊಂಡು ಬಂದ ಹುಡುಗನಂತೆ ಕಾಣುತ್ತಿತ್ತು. “ನನ್ನ ಹನ್ನೆರಡು ಈಗಲೂ ಹನ್ನೆರಡೇ” ಎಂದರು.

ಆದರೆ ಅಕ್ಕ ಒಪ್ಪಬೇಕಲ್ಲ. ಈ ಸಲ ಮೊದಲು ಅವರನ್ನೇ ಕೇಳಬೇಕೆಂದು ನಾನು ಹಟ ಹಿಡಿದೆ. ಮಾವ ಅವರ ಬೀದಿಗೆ ಹೋಗಿ ಹೇಳಿ ಬಂದಿದ್ದಾರೆ.

ಮಾರ್ಚ್ ೨೧, ಶುಕ್ರವಾರ

ಅಕ್ಕ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದರು. ನಾನು ಹಿಂದಿನ ಕೋಣೆಗೆ ಹೋಗಲು ಎದ್ದೆ. “ಎಲ್ಲಿಗೆ? ಇಲ್ಲೇ ಇರು” ಎಂದರು. ಇದ್ದೆ.

ಮೊದಲು ಬೇಡವೇ ಬೇಡ ಎಂದರು. ಇನ್ನೊಬ್ಬರ ಗಂಟು ಬಿಚ್ಚಿ ತಮ್ಮ ಯಂತ್ರ ತಿರುಗಿಸುವುದು ಬೇಡ, ಫ್ಯಾಕ್ಟರಿ ಇದ್ದೇ ಇದೆ ಎಂದರು. ಮಾವ ದಾನದ ಮಾತೇ ಎತ್ತಲಿಲ್ಲ. ನಿಮ್ಮ ಮಾಲು ನನ್ನ ಅಂಗಡಿಯಲ್ಲಿ ಹಾಳಾಯಿತು, ಅಂಗಡಿ ಅದರ ಬದಲು ಕೊಡುತ್ತದೆ, ನೀವು ಹಾಳು ಮಾಡಿದ ಬಟ್ಟೆಗೆ ಫ್ಯಾಕ್ಟರಿ ನಿಮ್ಮ ಸಂಬಳ ಮುರಿಯುವುದಿಲ್ಲವೇ ಎಂದು ಕೇಳಿದರು. ಅಕ್ಕನಿಗೆ ನಗು ಬಂತು. ಮುರಿಯುತ್ತಾರೆ, ಗುಂಡಿ ಬಿದ್ದುಹೋದರೂ ಮುರಿಯುತ್ತಾರೆ ಎಂದರು.

ಆಮೇಲೆ ಪೆಟ್ಟಿಗೆಯಲ್ಲಿ ಕೂತ ತಮ್ಮ ನಾಣ್ಯವನ್ನು ಬಹಳ ಹೊತ್ತು ನೋಡಿದರು. ನಾನು ನೆಲ ನೋಡಿದೆ.

“ಸರಿ, ಅದಲುಬದಲು. ಆದ್ರೆ ನನ್ನದೊಂದು ಮಾತಿದೆ. ನಿಮ್ಮ ಈ ಪೆಟ್ಟಿಗೆ, ತಟ್ಟೆ ಎಲ್ಲದರ ಒಳಬಟ್ಟೆ ಹರಿದು ಚಿಂದಿಯಾಗಿದೆ. ಮಷೀನು ಬಂದ ಮೇಲೆ ಮೊದಲ ಕೆಲಸ ಅದು. ನಾನು ಹೊಲಿದು ಕೊಡ್ತೀನಿ, ನೀವು ಇಸ್ಕೋಬೇಕು.”

“ಉಣ್ಣೆ ಬೇಡ” ಎಂದರು ಮಾವ ತಕ್ಷಣ. “ಉಣ್ಣೆ ತಾಗಿದ್ರೆ ಬೆಳ್ಳಿ ಕಪ್ಪಾಗುತ್ತೆ. ಹತ್ತಿ ಬಟ್ಟೆ, ಒಗೆದು ಗಂಜಿ ತೆಗೆದದ್ದು.”

ಮುಂದಿನ ಅರ್ಧ ಗಂಟೆ ಇಬ್ಬರೂ ಬಟ್ಟೆ, ಅಂಚು, ಅಂಟು ಎಂದು ಮಾತಾಡಿದರು. ಕಸುಬಿನವರು ಕಸುಬಿನವರ ಜೊತೆ ಮಾತಾಡುವಾಗ ನಡುವೆ ಬಾಯಿ ಹಾಕಲು ಒಂದು ಸೂಜಿಮೊನೆಯಷ್ಟೂ ಜಾಗ ಇರುವುದಿಲ್ಲ. ಕೇಳುತ್ತಾ ಕೂತಿದ್ದೆ. ಚೆನ್ನಾಗಿತ್ತು.

ಮಾರ್ಚ್ ೨೨, ಶನಿವಾರ

ಡಾಕ್ಟರು ಬಂದರು. ಎತ್ತರದ, ತೆಳ್ಳನೆಯ ಮುದುಕರು, ಕೋಟಿನ ಜೇಬಿನಲ್ಲಿ ಈಗಲೂ ಹಲ್ಲು ನೋಡುವ ಪುಟ್ಟ ಕನ್ನಡಿ. ನೀರುನಾಯಿಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರು. ಅವರಿಗೆ ಕಣ್ಣು ಮಂಜು ಎಂದು ಮಾವ ಹೇಳಿದ್ದು ನಿಜವಿರಬಹುದು. ಆದರೆ ಎರಡನೆಯ ಸುತ್ತಿಗೇ ಕೈ ನಿಂತಿತು.

“ಇದು ನಿನ್ನದಲ್ವೇನಯ್ಯಾ? ಮೀನಿನ ಬಾಲದ ಹತ್ರ ಈ ಹಸಿರು ಚುಕ್ಕೆ. ವರ್ಷಕ್ಕೊಂದು ಸಲ ಕೇಳಿದ್ದೀನಿ, ವರ್ಷಕ್ಕೊಂದು ಸಲ ಆಗಲ್ಲ ಅಂದಿದ್ದೀಯ.”

ಮಾವ ಹೌದು ಎಂದರು. ಯಾಕೆ ಎಂದು ಡಾಕ್ಟರು ಕೇಳಿದರು. ಅಂಗಡಿಯಲ್ಲಿ ಒಂದು ನಾಣ್ಯ ಕೆಟ್ಟಿತು ಎಂದಷ್ಟೇ ಮಾವ ಹೇಳಿದರು, ಯಾರು ಕೆಡಿಸಿದ್ದು ಎನ್ನಲಿಲ್ಲ. ನಾನೇ ಮುಂದೆ ಬಂದು, ನಾನು ಉಜ್ಜಿದೆ ಎಂದೆ. ಡಾಕ್ಟರು ಪೆಟ್ಟಿಗೆ ತರಿಸಿ ಏಳನೆಯದನ್ನು ನೋಡಿದರು. ಹಲ್ಲು ಜುಮ್ಮೆಂದವರ ಹಾಗೆ ಮುಖ ಹಿಂಡಿದರು. ಆಮೇಲೆ ನನ್ನನ್ನು ನೋಡಿದರು.

“ಕಸುಬಿಗೆ ಬಿದ್ದ ಮೊದಲ ವರ್ಷ ನಾನು ಒಬ್ಬರ ಗಟ್ಟಿ ಹಲ್ಲು ಕಿತ್ತುಹಾಕಿದ್ದೆ ಮಗು. ಹುಳುಕಿನದು ಪಕ್ಕದಲ್ಲೇ ಕೂತು ನೋಡ್ತಿತ್ತು.”

“ಅವರು ಏನಂದ್ರು?”

“ಏನನ್ನೋಕಾಗುತ್ತೆ? ಬಾಯ್ತುಂಬ ಹತ್ತಿ.”

ಮಾವ ಮೂವತ್ತು ಪಟ್ಟು ಎಂದರು. ಡಾಕ್ಟರು ಒಂದು ಪೈಸೆಯೂ ಇಳಿಸಲಿಲ್ಲ. ಹೊರಡುವ ಮುಂಚೆ, ನೀರುನಾಯಿಯನ್ನು ನೋಡಬೇಕೆನಿಸಿದಾಗ ಮನೆಗೆ ಬಾ, ನಿನಗೆ ಬಾಗಿಲು ತೆರೆದೇ ಇರುತ್ತದೆ ಎಂದು ಮಾವನಿಗೆ ಹೇಳಿದರು. ಮಾವ ಆಗಲಿ ಎಂದರು. ಅವರು ಮೆಟ್ಟಿಲಿಳಿದು ಹೋದ ಮೇಲೂ ಮಾವ ಬಾಗಿಲಲ್ಲೇ ನಿಂತಿದ್ದರು. ನಾನು ಚಹಾ ಮಾಡಿದೆ. ಈ ಸಲ ಬಿಸಿ ಇರುವಾಗಲೇ ಕುಡಿದರು. ನೀನು ಚಹಾಕ್ಕೆ ಸಕ್ಕರೆ ಹಾಕುವುದು ಮೂವತ್ತು ಪಟ್ಟು ಎಂದರು.

ಸಂಜೆ ಅಕ್ಕ ಬಂದು ಹಣವನ್ನು ಎಣಿಸದೆ ಚೀಲಕ್ಕೆ ಹಾಕಿಕೊಂಡರು. ಟೈಲರ್ ಅಂಗಡಿಗೆ ಹೊರಟು ನಿಂತವರನ್ನು ಮೆಟ್ಟಿಲ ತನಕ ಬಿಡಲು ಹೋದೆ. ಆ ಯಂತ್ರ ಒಬ್ಬಿಬ್ಬರಿಂದ ಎತ್ತುವುದಕ್ಕೆ ಆಗುವಂಥದ್ದಲ್ಲ ಎಂದು ಗೊತ್ತಿತ್ತು. ಆದರೂ ಬರುತ್ತೇನೆ ಎನ್ನಲಿಲ್ಲ. “ಎತ್ತೋಕೆ ನಾನು ಬರಲಾ ಅಕ್ಕ?” ಎಂದೆ.

ಅವರು ಮೂರು ಮೆಟ್ಟಿಲು ಇಳಿದು ನಿಂತು, ನನ್ನ ತೋಳುಗಳನ್ನು ಮೇಲಿಂದ ಕೆಳಗೆ ನೋಡಿದರು, ಬಟ್ಟೆಯ ಅಳತೆ ತೆಗೆಯುವವರ ಹಾಗೆ.

“ನಿನ್ನ ಮಾವನನ್ನೂ ಕರ್ಕೊಂಡು ಬಾ, ಕೈಗಾಡಿ ತರ್ತಾರಂತೆ. ನಾಳೆ ಭಾನುವಾರ, ಬೆಳಿಗ್ಗೆ ಏಳು ಗಂಟೆ, ಟೈಲರ್ ಅಂಗಡಿ ಹಿಂಬಾಗಿಲು. ಏಳು ಅಂದ್ರೆ ಏಳು.”